ರೆಡಿ ಸೈಕಲ್ ತಕಳಿ ಮೇಷ್ಟ್ರೇ

ಮದ್ದೂರಿನ ಆ ಸೈಕಲ್ ರಿಪೇರಿಯವರು ಯಾವ ಚಕ್ರ ಕೈಗೆ ಬಂದರೂ ಮೊದಲು ಅದರ ಕಡ್ಡಿಗಳನ್ನು ಉಗುರಿನಿಂದ ಮೀಟಿ, ಬಿಗಿ ಸರಿಯಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುವ ಫಿಕ್ಸೆಡ್ ಗೇರ್ ಸೈಕಲ್ಲನ್ನು, ಸ್ಪ್ಯಾನರ್ ಹಿಡಿಯಲೂ ಬಾರದ ನಾನು ಬಿಡಿಭಾಗ ತಂದು ಜೋಡಿಸುತ್ತೇನೆಂದು ಹಟ ಹಿಡಿದೆ. "ರೆಡಿ ಸೈಕಲ್ ತಕಳಿ ಮೇಷ್ಟ್ರೇ, ಇದ್ಯಾಕೆ ಬುಡಿ" ಎಂದರು. ಹತ್ತಿರದ ಕೊಪ್ಪದಿಂದ ನಾನು ಹೋದ ಪ್ರತಿ ಭಾನುವಾರವೂ ಅದೇ ಮಾತು ಹೇಳುತ್ತ, ನಾನು ತಪ್ಪಾಗಿ ಬಿಗಿದದ್ದನ್ನು ಬಿಚ್ಚಿ ಸರಿಮಾಡುತ್ತಿದ್ದರು.

ಕೊನೆಯ ದಿನ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಬಟ್ಟೆಯಿಂದ ಚೈನಿನ ಎಣ್ಣೆ ಒರೆಸುತ್ತಿದ್ದರು. "ಮುಟ್ಬ್ಯಾಡಿ, ಕೈ ಐತೆ" ಎಂದಿದ್ದರು. ನನಗೆ ತಡೆಯಲಾಗಲಿಲ್ಲ, ಪೆಡಲ್ ತಿರುಗಿಸಿಬಿಟ್ಟೆ. ಬಟ್ಟೆಯ ಜೊತೆಗೆ ಅವರ ತೋರುಬೆರಳೂ ಹಲ್ಲುಚಕ್ರಕ್ಕೆ ಸಿಕ್ಕಿತು. ಚಕ್ರ ನಿಲ್ಲುವಷ್ಟರಲ್ಲಿ ಬೆರಳ ತುದಿ ಹೋಗಿತ್ತು.

ಆಸ್ಪತ್ರೆಗೆ ಓಡಿಬಂದ ಅವರ ಹೆಂಡತಿ, "ಯಂಗಾಯ್ತು? ಯಾರು ತಿರುಗ್ಸಿದ್ದು?" ಎಂದು ನನ್ನನ್ನೇ ನೋಡುತ್ತ ಕೇಳಿದರು.

"ನಾನೇ ಕಣಮ್ಮಿ. ಗ್ಯಾನ ಎಲ್ಲೋ ಇತ್ತು" ಎಂದರು ಅವರು.

ಮಕ್ಕಳಿಗೆ ಪಾಠ ಹೇಳುವ ನಾನು ಪಕ್ಕದಲ್ಲೇ ನಿಂತಿದ್ದೆ. ಹೌದೆಂಬಂತೆ ತಲೆಯಾಡಿಸಿದೆ.