ಕೆಳಗಿನ ಸಾಲಿನ ಎಡಗಡೆಯ ಗಾಜು

ಗಾಳಿ ಎದ್ದರೆ ಈಗಲೂ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಒಂದೊಂದು ಕಿಟಕಿ ಗಾಜು ಕಟಕಟ ಅನ್ನುತ್ತದೆ. ಮಾತಾಡುತ್ತ ಕೂತವರು ಥಟ್ಟನೆ ಸುಮ್ಮನಾಗುತ್ತಾರೆ. ಯಾರಾದರೊಬ್ಬರು, ಗಾಜಣ್ಣ ಬಂದ ನೋಡಿ, ಅನ್ನುತ್ತಾರೆ. ತಮಾಷೆಗೆಂದೇ ಅಂದ ಮಾತು, ಆದರೆ ಯಾರಿಗೂ ನಗು ಬರುವುದಿಲ್ಲ.

ಗಾಜಣ್ಣ ಎಂದರೆ ನನ್ನ ಭಾವ, ಅಕ್ಕನ ಗಂಡ. ಮರದ ಕಿಟಕಿಗಳಿಗೆ ಗಾಜು ಕೂರಿಸುವುದು ಅವರ ಕಸುಬು. ನಾನು ಅವರ ಕೈಕೆಳಗೆ ಕೆಲಸ ಕಲಿತವನು, ಹಾಗಾಗಿ ಅವರನ್ನು ಹೊಗಳುವ ಹಕ್ಕೂ ಬೈಯುವ ಹಕ್ಕೂ ನನಗಿದೆ. ಗಾಜು ಕೊಯ್ಯುವುದರಲ್ಲಿ ಅವರದು ಪಳಗಿದ ಕೈ. ಗೆರೆ ಎಳೆದು, ಮೇಜಿನ ಅಂಚಿಗಿಟ್ಟು ಮೆಲ್ಲಗೆ ಒತ್ತಿದರೆ ಗಾಜು ಹೇಳಿದ ಹಾಗೆ ಕೇಳುತ್ತಿತ್ತು. ಹೇಳಿದ ಹಾಗೆ ಕೇಳದೆ ಇದ್ದದ್ದು ಅವರ ಬಾಯಿ. ಒಂದು ಗಾಜು ಕೂರಿಸಲು ಹೋದರೆ ಆ ಮನೆಯ ಅಜ್ಜಿಯ ಮಂಡಿನೋವಿನಿಂದ ಹಿಡಿದು ಸೊಸೆಯ ತವರಿನವರೆಗೆ ಎಲ್ಲ ವಿಚಾರಿಸಿ, ನಾಲ್ಕು ಸುದ್ದಿ ಕೊಟ್ಟು ಆರು ಸುದ್ದಿ ತಂದು, ಊಟದ ಹೊತ್ತು ಮೀರಿದ ಮೇಲೆ ಏಳುತ್ತಿದ್ದರು. ಬಾಗಿಲು ಬಡಿಯುವ ಅಭ್ಯಾಸವೇ ಇರಲಿಲ್ಲ. ಕಿಟಕಿಗೆ ಮುಖ ಒತ್ತಿ, ಮೂಗು ಚಪ್ಪಟೆ ಮಾಡಿಕೊಂಡು, ಗಾಜಿನ ಮೇಲೆ ಬೆರಳಿಂದ ಕಟಕಟ ತಟ್ಟುತ್ತಿದ್ದರು. ಒಳಗೆ ಮಕ್ಕಳು ಕುಣಿದಾಡುತ್ತಿದ್ದವು. ಗಾಜಿನ ಸಂದಿಗೆ ಮೆತ್ತಲು ಕಲಸಿಟ್ಟ ಪುಟ್ಟಿ ಒಣಗುತ್ತಿದೆಯಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮನೆಗೆ ಬಂದರೆ ಮಾತ್ರ ಅದೇ ಬಾಯಿಗೆ ಬೀಗ. ತಿಂದರು, ಕೈ ತೊಳೆದರು, ಮತ್ತೆ ಚಪ್ಪಲಿ ಮೆಟ್ಟಿ ಹೊರಟರು. ಊರಿಗೆಲ್ಲ ಹಂಚಿ ನನಗೆ ಖಾಲಿ ಪಾತ್ರೆ ತರ್ತಾರೆ ಎಂದು ಅಕ್ಕ ಮೊದಮೊದಲು ಕಿಚಾಯಿಸುತ್ತಿದ್ದಳು. ಬರಬರುತ್ತ ಅದನ್ನೂ ಬಿಟ್ಟಳು.

ಭಾವ ಸತ್ತದ್ದೂ ಮಾತಿನ ಮಧ್ಯೆಯೇ. ದರ್ಜಿಯ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಯಾವನೋ ಮದುಮಗ ಬೇರೆಯವರ ಪ್ಯಾಂಟು ತೊಟ್ಟು ಹೋದ ಕಥೆ ಹೇಳುತ್ತಿದ್ದರಂತೆ. "ಆಮೇಲೆ ಏನಾಯ್ತಪ್ಪಾ ಅಂದ್ರೆ" ಎಂದು ಗೋಡೆಗೆ ಒರಗಿದರಂತೆ, ಅಷ್ಟೇ. ಮುಖದ ಮೇಲೆ ನಗು ಹಾಗೇ ಇತ್ತು. ಬೇಕೆಂದೇ ಕಾಯಿಸುತ್ತಿದ್ದಾರೆ ಎಂದುಕೊಂಡು ದರ್ಜಿ ಹೊಲಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕಾದನಂತೆ. ಈಗಲೂ ನನ್ನನ್ನು ಕಂಡಾಗಲೆಲ್ಲ ಆಮೇಲೆ ಏನಾಯಿತು ಎಂದು ಕೇಳುತ್ತಾನೆ. ನನಗೇನು ಗೊತ್ತು?

ಅಕ್ಕನನ್ನು ಕೊರೆದದ್ದೂ ಇದೇ. ಬಂದವರೆಲ್ಲ ಹೋದ ಮೇಲೆ ಅವಳು ನನ್ನ ಮುಖ ನೋಡಿದಳು.

"ಕಡೇ ಮಾತೂ ದರ್ಜಿಗೇ ಹೋಯ್ತಲ್ಲೋ. ನನಗೆ ಅಂತ ಅವರು ಏನು ಉಳಿಸಿದ್ರು?"

ಅವಳು ಮತ್ತೆ ಕೇಳಲಿಲ್ಲ. ಆದರೆ ತಟ್ಟೆ ಇಡುವಾಗ, ಲೋಟ ತೊಳೆಯುವಾಗ ಅದೇ ಪ್ರಶ್ನೆ ಅವಳ ಮುಖದ ಮೇಲೆ ಇರುತ್ತಿತ್ತು. ಆ ಮನೆಗೆ ಹೋಗುವುದೆಂದರೆ ನನಗೆ ಹೆದರಿಕೆಯಾಗತೊಡಗಿತು.

ಅಷ್ಟರಲ್ಲಿ ಗಾಳಿಯ ದಿನಗಳು ಬಂದವು. ಗಾಜು ಅಲುಗುತ್ತಿದೆ, ಮಕ್ಕಳು ಗಾಜಣ್ಣ ಗಾಜಣ್ಣ ಎಂದು ಹೆದರುತ್ತಾರೆ, ಬಂದು ಬಿಗಿ ಮಾಡು ಎಂದು ಒಬ್ಬೊಬ್ಬರೇ ನನಗೆ ಹೇಳಿಕಳಿಸಿದರು. ಬೇಕರಿಯವನ ಮನೆಯಲ್ಲಿ ಅಲುಗುತ್ತಿದ್ದದ್ದು ಕೆಳಗಿನ ಸಾಲಿನ ಎಡಗಡೆಯ ಗಾಜು. ಅದನ್ನು ಹಿಡಿದಿಡುವ ಮರದ ಪಟ್ಟಿಯಲ್ಲಿ ಒಂದು ಮೊಳೆ ಕಡಿಮೆ ಇತ್ತು. ಮರೆತಿರಬೇಕು ಎಂದುಕೊಂಡು ಹೊಡೆದೆ. ಅಂಚೆಯವನ ಮನೆಯಲ್ಲೂ ಅದೇ ಗಾಜು, ಅದೇ ಜಾಗದ ಮೊಳೆ ಇಲ್ಲ; ಅಲ್ಲೂ ಹೊಡೆದೆ. ನರ್ಸಮ್ಮನ ಮನೆಯಲ್ಲೂ ಹಾಗೇ. ಕಣ್ಣು ಮುಚ್ಚಿ ಮೊಳೆ ಹೊಡೆಯುತ್ತಿದ್ದ ಕೈ ಊರ ತುಂಬ ಒಂದೇ ಜಾಗದಲ್ಲಿ ಮರೆಯುವುದುಂಟೇ?

ನರ್ಸಮ್ಮನ ಕಿಟಕಿಯ ಎದುರೇ ನನಗೆ ಹೊಳೆಯಿತು. ಹೀಗೆ ಅಲುಗಿದಾಗಲೆಲ್ಲ ಅವರು ಭಾವನನ್ನು ಕರೆಸುತ್ತಿದ್ದರು. ಹಾಳು ಮರ, ಎಷ್ಟು ಒಣಗುತ್ತೆ ನೋಡಿ ಎಂದು ಶಾಪ ಹಾಕುತ್ತ ಭಾವ ಸಂದಿಗೆ ಚೂರು ಪುಟ್ಟಿ ಮೆತ್ತಿ, ಅರ್ಧ ದಿನ ಹರಟಿ, ಕಾಸು ಮುಟ್ಟದೆ ಎದ್ದು ಬರುತ್ತಿದ್ದರು. ಕಳ್ಳ ಭಾವ! ಮತ್ತೆ ಕರೆಯಲಿ ಎಂದೇ ಒಂದು ಮೊಳೆ ಬಿಟ್ಟು ಬರುತ್ತಿದ್ದರು. ನನಗೆ ನಗು ಬಂತು. ಆದರೆ ಎರಡು ಮನೆಗಳಲ್ಲಿ ನಾನೇ ಕೈಯಾರೆ ಅವರ ಬಾಯಿ ಮುಚ್ಚಿಸಿ ಬಂದಿದ್ದೆ. ವಿಷಯ ತಿಳಿದ ನರ್ಸಮ್ಮ ನನ್ನ ಸುತ್ತಿಗೆ ಹಿಡಿದುಕೊಂಡರು, ಇರಲಿ ಬಿಡಪ್ಪಾ ಎಂದರು.

ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದೆ. ಅಡುಗೆಮನೆ ಕಿಟಕಿಯಲ್ಲಿ ಕೆಳಗಿನ ಎಡಗಡೆಯ ಗಾಜಿನ ಸಂದಿಗೆ ಮಡಚಿದ ಬಟ್ಟೆಯ ತುಂಡು ತುರುಕಿತ್ತು. ಎಷ್ಟೋ ವರ್ಷದಿಂದ ಕಂಡದ್ದೇ. ಎಳೆದೆ. ಎಣ್ಣೆ ಜಿಡ್ಡು ಕುಡಿದು ಗಟ್ಟಿಯಾಗಿತ್ತು. ಹಿಂದಿನ ಪಟ್ಟಿಯಲ್ಲಿ ಆ ಮೊಳೆ ಇರಲಿಲ್ಲ.

ಎಲ್ಲವನ್ನೂ ಹೇಳಿದೆ. ಅಕ್ಕ ನೆಲದ ಮೇಲೆ ಕೂತಳು.

ಮದುವೆಯಾದ ಹೊಸದರಲ್ಲಿ ಆ ಗಾಜು ದಿನಾ ಅಲುಗುತ್ತಿತ್ತಂತೆ. ಅವಳು ಕರೆದರೆ ಭಾವ ಬಂದು ಇದೇ ನೆಲದ ಮೇಲೆ ಕೂತು, ರಿಪೇರಿ ಮಾಡುವ ನಾಟಕವಾಡುತ್ತ, ಒಲೆ ಮೇಲಿನ ಹಾಲು ಉಕ್ಕಿ ಹೋಗುವವರೆಗೂ ಮಾತಾಡುತ್ತಿದ್ದರಂತೆ. ಮಕ್ಕಳಾದವು, ಕೆಲಸ ಹೆಚ್ಚಾಯಿತು. ಕರೆದು ಕರೆದು ಸಾಕಾಗಿ ಒಂದು ದಿನ ಇವಳೇ ಬಟ್ಟೆ ತುರುಕಿದಳು.

"ಅವತ್ತು ಬಂದು ನೋಡಿದ್ರು ಕಣೋ. ಬಟ್ಟೆ ಮೇಲೆ ಬೆರಳಿಟ್ಟು ಒತ್ತಿದ್ರು. 'ಗಟ್ಟಿಯಾಗಿದೆ' ಅಂದ್ರು. ಅಷ್ಟೇ ಅಂದು ಹೊರಟುಹೋದ್ರು."

ಇಬ್ಬರೂ ಆ ಗಾಜಿನತ್ತ ನೋಡಿದೆವು. ಸಂಜೆಯ ಬಿಸಿಲು ಅದರ ಮೇಲಿತ್ತು. ಗಾಳಿಯ ಸುಳಿವಿಲ್ಲ, ಗಾಜು ಮಿಸುಕಲಿಲ್ಲ. ಮೊಳೆ ಹೊಡೆಯಲೇ ಎಂದು ನಾನು ಕೇಳಲೂ ಇಲ್ಲ. ಕೊನೆಗೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನು ಹೊರಡು. ನೀನಿದ್ರೆ ಅವರು ನಿನ್ ಹತ್ರಾನೇ ಮಾತಾಡ್ತಾ ಕೂತ್ಕೋತಾರೆ."

ನಾನು ಗೇಟು ದಾಟುವಷ್ಟರಲ್ಲಿ ಹಿಂದೆ ಕಟಕಟ ಸದ್ದಾಯಿತು. ಅಂಗಳದ ತಂತಿಯ ಮೇಲೆ ಒಣಹಾಕಿದ ಬಟ್ಟೆ ಅಲುಗುತ್ತಿರಲಿಲ್ಲ. ಅಕ್ಕನೇ ಗಾಜು ಮುಟ್ಟಿದಳೋ ಏನೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಅವಳ ದನಿ ಮಾತ್ರ ಕೇಳಿಸಿತು.

"ಬನ್ನಿ, ಕೂತ್ಕೊಳ್ಳಿ. ಹಾಲು ಇನ್ನೂ ಒಲೆ ಮೇಲೆ ಇಟ್ಟಿಲ್ಲ."