ಎರಡು ಕೋಣೆಯ ಟೆಂಟು

ಕೆನ್ಯಾ ಸಫಾರಿಗೆ ವಸತಿ ಹುಡುಕುವಾಗ ಅತ್ತೆ ಮೈಸೂರಿನಿಂದ ಐರ್ಲೆಂಡಿಗೆ, ಆಡಮ್ಸ್‌ಟೌನ್‌ನ ನಮ್ಮ ಮನೆಗೆ ಬಂದಿದ್ದರು. ನನಗೆ ನದಿಯ ದಡದ ಬಿಡಿ ಟೆಂಟುಗಳು ಹಿಡಿಸಿದವು. ಆದರೆ ಆ ಕ್ಯಾಂಪಿಗೆ ಬೇಲಿಯೇ ಇರಲಿಲ್ಲ.

"ನಾನೊಬ್ಳೇ ಮಲಗಲ್ಲಪ್ಪ, ನಂಗೆ ಭಯ," ಎಂದರು ಅತ್ತೆ.

"ಗ್ರ್ಯಾಂಡ್, ಅಮ್ಮ," ಎಂದು ನನ್ನ ಗಂಡ ಐರಿಷ್ ಜನರ ಧಾಟಿಯಲ್ಲೇ ತಕ್ಷಣ ಒಪ್ಪಿ, ಮೂವರಿಗೂ ಎರಡು ಕೋಣೆಯ ಒಂದೇ ಟೆಂಟು ಬುಕ್ ಮಾಡಿದರು.

ಆಮೇಲೆ ಅಡುಗೆಮನೆಯಲ್ಲಿ ಅತ್ತೆ ಮೆಲ್ಲಗೆ ಹೇಳಿದರು: "ಭಯ ನಂಗಲ್ಲ ಕಣಮ್ಮ, ಅವನಿಗೆ. ಗುಡುಗಿದ್ರೂ ಎದ್ದು ಕೂರ್ತಾನೆ. ಬಾಯ್ಬಿಟ್ಟು ಹೇಳಲ್ಲ."

ಐರ್ಲೆಂಡಿನಲ್ಲಿ ಗುಡುಗುವುದೇ ಅಪರೂಪ. ಗಂಡನ ಈ ಭಯ ನನಗೆ ಗೊತ್ತೇ ಇರಲಿಲ್ಲ.

ಕ್ಯಾಂಪಿನಲ್ಲಿ ಮೊದಲ ಸಂಜೆಯೇ ಎಲ್ಲೋ ಸಿಂಹ ಗರ್ಜಿಸಿತು. "ಹೆದರ್ಬೇಡಮ್ಮ, ನಾನಿದ್ದೀನಿ," ಎನ್ನುತ್ತ ಗಂಡ ಓಡಿಹೋಗಿ ಅತ್ತೆಯ ಮಂಚದ ಮೇಲೆ ಕೂತರು. ಅತ್ತೆ ನಗಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟರು.