ಮುದ್ರೆ ಕಳೆದ ಬೀಟೆದಿಮ್ಮಿ

ದಿಮ್ಮಿ ಬಂದ ಕೂಡಲೇ ಎರಡೂ ತುದಿಯಿಂದ ನಾಲ್ಕು ಬೆರಳು ಕುಯ್ದು ಎಸೆಯಬೇಕು, ಬಿರುಕೆಲ್ಲ ಇರುವುದು ಅಲ್ಲೇ ಎನ್ನುತ್ತಿದ್ದರು ನನ್ನ ತಾತ. ಮೊದಲು ತಲೆ ತೆಗಿ, ಆಮೇಲೆ ಅಳತೆ ಹಿಡಿ. ಚಾಮರಾಜಪೇಟೆಯ ನಮ್ಮ ಮರಗೆಲಸದ ಸಾಲಿನಲ್ಲಿ ಇದಕ್ಕೆ ಎದುರಾಡಿದವರು ಯಾರೂ ಇಲ್ಲ.

ಗೋಡೆಯಾಚೆಯ ಅಂಗಡಿ ನನ್ನ ಗೆಳೆಯನದು. ಮೂವತ್ತು ವರ್ಷದ ಸ್ನೇಹ. ಉಳಿ, ಕೀಸುಳಿ, ಊಟದ ಡಬ್ಬಿ ಎಲ್ಲವೂ ಆ ಕಡೆ ಈ ಕಡೆ ಓಡಾಡುತ್ತಿದ್ದವು. ಪ್ಲೈವುಡ್ ಬಂದ ಮೇಲೆ ಅವನಿಗೆ ಕೆಲಸ ಕಮ್ಮಿಯಾಗಿತ್ತು. ಹೋದ ವರ್ಷ ಬಸವನಗುಡಿಯ ಮನೆಯೊಂದಕ್ಕೆ ಬೀಟೆಮರದ ಬಾಗಿಲು ಮಾಡುವ ಕೆಲಸ ಸಿಕ್ಕಿತು. ಇದೊಂದು ಕೈಹಿಡಿದರೆ ಅಂಗಡಿ ಉಳಿಯುತ್ತದೆ ಎಂದಿದ್ದ. ಸರ್ಕಾರಿ ಡಿಪೋದಿಂದ ದಿಮ್ಮಿ ತಂದು, ರಹದಾರಿ ಪತ್ರವನ್ನು ಮೊಳೆಗೆ ಸಿಕ್ಕಿಸಿ, ಬೀಗದಕೈ ನನಗೆ ಕೊಟ್ಟು, ನಾದಿನಿಯ ಮದುವೆಗೆಂದು ಊರಿಗೆ ಹೋದ.

ನನಗೆ ಕೈ ತಡೆಯಲಿಲ್ಲ. ಅವನು ಬರುವಷ್ಟರಲ್ಲಿ ಕೆಲಸ ಒಂದಿಷ್ಟು ಮುಂದೆ ಹೋಗಿರಲಿ ಎಂದು ತುದಿಗಳನ್ನು ಕುಯ್ದೆ. ಚೂರುಗಳು ನಮ್ಮ ಮನೆಯ ಹಂಡೆಯೊಲೆ ಸೇರಿದವು. ಅರಣ್ಯ ಇಲಾಖೆಯವರು ಸುತ್ತಿಗೆಯಿಂದ ಒತ್ತಿದ ಮುದ್ರೆ ಇರುವುದು ದಿಮ್ಮಿಯ ತುದಿಯಲ್ಲೇ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈಗೆ ಮಾತ್ರ ತಾತನ ಮಾತಷ್ಟೇ ಗೊತ್ತಿದ್ದದ್ದು.

ಮಾರನೆಯ ದಿನವೇ ಇಲಾಖೆಯ ತಪಾಸಣೆ. ಕದ್ದ ಮರ ಪೇಟೆಗೆ ಬರುತ್ತಿದೆ ಎಂದು ಸಾಲಿಡೀ ನೋಡುತ್ತಿದ್ದರು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕೂರಿಸಿಯೇ ಮಾತಾಡಿದರು.

"ಪತ್ರ ಸರಿಯಾಗಿದೆ ಯಜಮಾನ್ರೇ. ಮುದ್ರೆ ಇಲ್ದೆ ಅದು ಇದೇ ಮರದ್ದು ಅಂತ ಯಾರು ಹೇಳ್ತಾರೆ?"

"ನಾನು ಹೇಳ್ತೀನಮ್ಮ."

"ಕಳ್ಳಮರ ಮಾರೋರೂ ಮೊದ್ಲು ತುದೀನೇ ಕುಯ್ಯೋದು."

ಅವರು ತಪ್ಪು ಹೇಳಲಿಲ್ಲ. ಕಾಡು ಉಳಿಯಬೇಕಾದರೆ ಅಷ್ಟು ಬಿಗಿ ಬೇಕು. ಆ ಬಿಗಿ ನನ್ನ ಕೈಯಿಂದ ಗೆಳೆಯನ ಕುತ್ತಿಗೆಗೆ ಬೀಳಬಾರದಿತ್ತು, ಅಷ್ಟೇ.

ದಿಮ್ಮಿ ಲಾರಿ ಹತ್ತಿತು. ಡಿಪೋದ ದಾಖಲೆ ತಾಳೆಯಾಗಿ ಅದು ಬಿಡುಗಡೆಯಾಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು, ಬಸವನಗುಡಿಯವರು ಬೇರೆ ಕಡೆ ಬಾಗಿಲು ಮಾಡಿಸಿಕೊಂಡಿದ್ದರು. ಗೆಳೆಯ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂಗಡಿ ಖಾಲಿ ಮಾಡಿ, ಮತ್ತಿಕೆರೆಯ ಪ್ಲೈವುಡ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ.

ಈಗ ಗೋಡೆಯಾಚೆ ಮೊಬೈಲ್ ರಿಪೇರಿ ನಡೆಯುತ್ತದೆ. ಸದ್ದೇ ಇಲ್ಲದ ಕೆಲಸ. ಇಡೀ ದಿನ ಗರಗಸ ಕೂಗಿದರೆ ಅದು ನನ್ನದೇ.

ತಡೆಯಲಾರದೆ ಒಂದು ಮಧ್ಯಾಹ್ನ ಮತ್ತಿಕೆರೆಗೆ ಹೋದೆ, ತಪ್ಪಾಯಿತು ಎನ್ನಲು. ನಗುತ್ತಲೇ ಎದ್ದು ಬಂದ, ಕಾಫಿ ತರಿಸಿದ, ಮಾಲೀಕನಿಗೆ ಪರಿಚಯ ಮಾಡಿಕೊಟ್ಟ.

"ಇವ್ರು ಚಾಮರಾಜಪೇಟೇಲಿ ನಮ್ಮ ಪಕ್ಕದ ಅಂಗಡಿಯವ್ರು."

ಗೆಳೆಯ ಎನ್ನಲಿಲ್ಲ; ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ನಾನು ಹಾಗೇ ಇಟ್ಟುಕೊಂಡೆ. ಹೌದೆಂದು ತಲೆಯಾಡಿಸಿ ಕಾಫಿ ಕುಡಿದೆ.